ಕಿಟಕಿಗೆ ಎಳೆದ ಪರದೆ

"ಕೇಳ್ರಪ್ಪೋ ಕೇಳ್ರಿ! ಎಳೆಯರಸು ಕೇತರಸರ ಸಾವಿಗೆ ದಾದಿ ಮುದ್ದವ್ವನ ಕೆಟ್ಟ ದೃಷ್ಟಿಯೇ ಕಾರಣವೆಂದು ಮಾಚರಸ ದೊರೆಗಳು ತೀರ್ಮಾನಿಸಿದ್ದಾರೆ. ಅಮಾವಾಸ್ಯೆಗೆ ಅವಳಿಗೆ ನೇಣು! ಆದರೆ ರಾಜಕುಮಾರಿ ಪದುಮಲೆಯ ಮೂರು ಒಗಟು ಬಿಡಿಸಿದವನಿಗೆ ದಾದಿಯ ಪ್ರಾಣ, ಅರ್ಧ ರಾಜ್ಯ, ರಾಜಕುಮಾರಿಯ ಕೈ. ತಪ್ಪಿದವನ ತಲೆಯೂ ಅವತ್ತೇ ಉರುಳುತ್ತದೆ!"

ಮಗಳು ಅನ್ನ ನೀರು ಬಿಟ್ಟು ಹಟ ಹಿಡಿದಿದ್ದಕ್ಕೆ ದೊರೆ ಈ ಒಗಟಿನ ಪಣಕ್ಕೆ ಒಪ್ಪಿದ್ದ.

ಡಂಗುರ ನಮ್ಮ ಗೂಡುಗೆರೆಗೂ ಬಂತು. ಗೂಡುಗೆರೆ ಅಂದರೆ ಸುಮ್ಮನೆ ಅಲ್ಲ. ಕೋಟೆಯ ಒಂದೊಂದು ಕಲ್ಲೂ ನಿಂತಿರುವುದು ನಮ್ಮೂರಿನ ಸುಣ್ಣದ ಬಲದಲ್ಲಿ. ಆ ಸುಣ್ಣ ಸುಡುವವರಲ್ಲೊಬ್ಬ ಕೆಂಚೀರ, ಮುದ್ದವ್ವನ ಮಗ.

"ಅರಮನೆಗೋಗಿ ಸಾಯ್ತೀಯೇನ್ಲಾ?" ಎಂದರು ಊರವರು.

"ಅವ್ವ ಒಳಗವ್ಳೆ" ಅಂದ, ಕಂಬಳಿ ಹೆಗಲಿಗೆಸೆದು ನಡೆದ.

ಮೊದಲು ಹೋದದ್ದು ಸೆರೆಮನೆಯ ಕಂಡಿಗೆ. "ಏನಾಯ್ತವ್ವ? ಮೊದ್ಲಿಂದ ಹೇಳು." ಅವಳನ್ನು ಎಲ್ಲರೂ ಬಯ್ದಿದ್ದರು, ಹೊಡೆದಿದ್ದರು. ಹೀಗೆ ಕೇಳಿದವರು ಮಾತ್ರ ಯಾರೂ ಇರಲಿಲ್ಲ. ಅವಳು ಅಳುತ್ತಲೇ ಎಲ್ಲವನ್ನೂ ಹೇಳಿದಳು.

ಸಭೆಯಲ್ಲಿ ಕೆಂಚೀರನಿಗಿಂತ ಮುಂಚೆ ಎದ್ದವನು ದಂಡನಾಯಕನ ಮಗ ಸಿಡಿಗೊಂಡ. ರಾಜಕುಮಾರಿ ಕೇಳಿದಳು: "ಎಲ್ಲರ ಮನೆಗೂ ಬರುವ ಬಡ ನೆಂಟ. ಯಾರೂ ಎದ್ದು ಮಣೆ ಹಾಕುವುದಿಲ್ಲ. ನಾಲ್ಕು ದಿನವಿದ್ದು ತಾನೇ ಹೋಗುತ್ತಾನೆ. ನಮ್ಮ ಮನೆಗೆ ಬಂದವನು ಹೋಗಲಿಲ್ಲ. ಯಾರವನು?"

"ಶತ್ರುವಿನ ಗೂಢಚಾರ!" ಎಂದು ಮೀಸೆ ತಿರುವಿದ ಸಿಡಿಗೊಂಡನನ್ನು ಭಟರು ಎಳೆದೊಯ್ದರು.

ವರ್ತಕರ ಮಗ ಸಂಗಣ್ಣ ಮೊದಲನೆಯದನ್ನು ಹೇಗೋ ಬಿಡಿಸಿದ. ಎರಡನೆಯದಕ್ಕೆ ಸಿಕ್ಕಿಬಿದ್ದ. "ಒಂದು ಮನೆ. ಒಳಗೋಡೆ ಈರುಳ್ಳಿ ಸಿಪ್ಪೆಯಷ್ಟು ತೆಳು. ಕೆಳಗಿನ ಕೋಣೆಯಲ್ಲಿ ಕೊಳೆ ನಿಂತರೆ ಪಕ್ಕದ ಕಿಟಕಿ ಉಬ್ಬುತ್ತದೆ, ಅಟ್ಟದಲ್ಲಿರುವ ಯಜಮಾನನ ಎಚ್ಚರ ತಪ್ಪುತ್ತದೆ. ಯಾವ ಮನೆ?"

"ಜೇನುಗೂಡು... ಅಲ್ಲಲ್ಲ, ಉಗ್ರಾಣ!" ಅವನೂ ಸಿಡಿಗೊಂಡನ ಜೊತೆ ಸೇರಿದ.

ಆಮೇಲೆ ಸುಣ್ಣದ ಬೂದಿ ಉದುರಿಸುತ್ತ ಕೆಂಚೀರ ಬಂದು ನಿಂತ. ಸಭೆ ನಕ್ಕಿತು. "ನೆಲ ಬೆಳ್ಳಗಾಗ್ತದೆ ಕಣೋ, ಆಚೆ ನಿಲ್ಲೋ!"

"ಮೊದಲನೆಯದು ನೆಗಡಿ, ತಾಯಿ. ಎರಡನೆಯದು ತಲೆ."

ನಗು ನಿಂತಿತು.

"ಹಾಗಾದರೆ ಮೂರನೆಯದು" ಎಂದಳು ಪದುಮಲೆ. "ಮನೆಗೆ ಕಳ್ಳ ನುಗ್ಗಿದಾಗ ಕಿಟಕಿಯೇ ಕೂಗಿ ಹೇಳಿತು. ಆ ಕಿಟಕಿಗೇ ಪರದೆ ಎಳೆದರು. ಎಳೆಯಿರಿ ಎಂದವರು ಯಾರು?"

ಕೆಂಚೀರ ಲೆಕ್ಕ ಹಾಕಿದ. ಹೇಳದಿದ್ದರೆ ಅವ್ವನ ಜೊತೆ ತಾನೂ ಹೋಗುತ್ತಾನೆ. ಹೇಳಿದರೂ ಉಳಿಯುವುದು ಅನುಮಾನ. ನಮ್ಮೂರ ರಕ್ತ, ಸುಮ್ಮನಿರುತ್ತದೆಯೇ? ಸಿಂಹಾಸನದ ಕಡೆಗೇ ತಿರುಗಿದ.

"ತಾವೇ, ಬುದ್ಧಿ."

ಭಟನ ಕತ್ತಿ ಅವನ ಕುತ್ತಿಗೆಗೆ ಬಂತು. "ಮಾತು ಮುಗಿಸಲಿ" ಎಂದ ದೊರೆ.

"ಎಳೆಯರಸರ ನೆಗಡಿ ಹತ್ತು ದಿನ ಕಳೆದರೂ ಇಳಿಯಲಿಲ್ಲ. ಜ್ವರ ಏರಿತು, ಹಣೆ ಸಿಡಿಯುವಷ್ಟು ನೋವು ಬಂತು. ಮೂಗಿನ ಅಕ್ಕಪಕ್ಕ, ಹಣೆಯೊಳಗೆ ಗಾಳಿಯ ಗೂಡುಗಳಿವೆಯಂತೆ. ಅವು ಕೀವು ಕಟ್ಟಿ ಕಣ್ಣು ಊದಿತು. ಅದೇ ಕಿಟಕಿಯ ಕೂಗು. ತಾವು ಕಣ್ಣುಬೇನೆ ಅಂದಿರಿ. ನೋಡಿದವರಿಗೂ ಅಂಟುತ್ತದೆ, ಯಾರೂ ನೋಡಬೇಡಿ, ಬಟ್ಟೆ ಕಟ್ಟಿ ಅಂದಿರಿ. ಬಟ್ಟೆಯ ಹಿಂದೆ ಕಣ್ಣುಗುಡ್ಡೆ ಮುಂದಕ್ಕೆ ಬಂದದ್ದು ಯಾರಿಗೂ ಕಾಣಲಿಲ್ಲ. ವಾಂತಿ ಮಾಡಿಕೊಂಡರು, ಮಂಪರಾದರು. ನಿದ್ದೆ ಮಾಡಲಿ ಬಿಡಿ ಅಂದರು ಎಲ್ಲರೂ. ಹೊಳೆಯಾಚೆಯ ವೈದ್ಯರು ಬರುವಷ್ಟರಲ್ಲಿ ಕೀವು ಮೆದುಳಿಗೆ ಹಬ್ಬಿತ್ತು. 'ಕಣ್ಣು ಊದಿದ ದಿನವೇ ಕರೆಯಬಾರದಿತ್ತೇ' ಅಂದರು ಅವರು. ತಾವು ಅವರನ್ನು ಗಡೀಪಾರು ಮಾಡಿದಿರಿ. ಅವ್ವ ಅಲ್ಲೇ ಇದ್ದಳು, ಕೇಳಿಸಿಕೊಂಡಳು."

"ನಾನೂ ಅಲ್ಲೇ ಇದ್ದೆ, ಅಪ್ಪಾಜಿ" ಎಂದಳು ಪದುಮಲೆ. "ಬಟ್ಟೆ ಕಟ್ಟಿದ ಕೈ ನನ್ನದು. ನೇರವಾಗಿ ಹೇಳುವ ಧೈರ್ಯವಿರಲಿಲ್ಲ, ಒಗಟು ಕಟ್ಟಿದೆ."

ದೊರೆ ಕೈಯೆತ್ತಿದ. ಕತ್ತಿ ಕೆಳಗಿಳಿಯಿತು. ಮುದ್ದವ್ವನನ್ನು ಬಿಡಿಸಿ ಕರೆತಂದರು. ಸಿಡಿಗೊಂಡನಿಗೂ ಸಂಗಣ್ಣನಿಗೂ ತಲೆ ಉಳಿಯಿತು. ಅರ್ಧ ರಾಜ್ಯವನ್ನು ಕೆಂಚೀರ ತಗೊಂಡ. ಬೇಡ ಅನ್ನಲು ಗೂಡುಗೆರೆಯವರೇನು ದಡ್ಡರೇ? ರಾಜಕುಮಾರಿಯ ಕೈ ಮಾತ್ರ ಕೇಳಲಿಲ್ಲ. ಮಗು ಸತ್ತ ಮನೆಯಲ್ಲಿ ಮದುವೆಯ ಮಾತೆತ್ತಲು ಅವನಿಗೆ ನಾಲಿಗೆ ಏಳಲಿಲ್ಲ. ವೈದ್ಯರನ್ನು ಮರಳಿ ಕರೆಸಿದ. ನೆಗಡಿಯಾದ ಮಗುವಿನ ಕಣ್ಣು ಊದಿದರೆ, ತಲೆನೋವು ಬಿಡದೆ ವಾಂತಿಯಾದರೆ, ಮಂಪರು ಕವಿದರೆ ಆ ಕ್ಷಣವೇ ಎತ್ತಿಕೊಂಡು ವೈದ್ಯರ ಬಳಿ ಓಡಿ ಎಂದು ಊರೂರಿಗೆ ಡಂಗುರ ಸಾರಿಸಿದ. ಎಷ್ಟೋ ಮಕ್ಕಳು ಉಳಿದವು.

ಅವತ್ತು ಸಭೆ ಮುಗಿದು ಎಲ್ಲರೂ ಹೋಗುವಾಗ ದೊರೆ ಮುದ್ದವ್ವನ ಹತ್ತಿರ ಬಂದ. "ಮಗು ಕೊನೆಗೆ ಏನಾದರೂ ಅಂದಿತೇನಮ್ಮ?"

ಮುದ್ದವ್ವ ಸೆರಗು ಬಾಯಿಗೊತ್ತಿಕೊಂಡಳು. "ಅಪ್ಪಾಜಿ ಯಾವಾಗ ಬರ್ತಾರೆ ಅಂತ ಕೇಳ್ತಾನೇ ಇತ್ತು, ಬುದ್ಧಿ. ತಾವು ಬಂದು ಮಂಚದ ತಾವ ಮಾತಾಡ್ದೆ ನಿಂತಿದ್ರಿ. ಕಣ್ಣಿಗೆ ಬಟ್ಟೆ ಇತ್ತಲ್ಲ, ಅದಕ್ಕೆ ಗೊತ್ತಾಗಲಿಲ್ಲ."