ಹಾಲಿಡೇ

“ತಪ್ಪು ತಪ್ಪಾಗಿ ಕಲಿಯುವುದಕ್ಕಿಂತ ಕಲಿಯದೇ ಇರುವುದು ಮೇಲಲ್ಲವೇ, ಅಜ್ಜಾ?”

ಹೀಗೆ ಕೇಳಿದವನು ಸಿದ್ದಮಲ್ಲ. ಮಠದ ಶಾಲೆಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಶಿಷ್ಯ. ಕೇಳಿದ್ದು ಮಠದ ಹಿರಿಯರಾದ ನಿರಂಜನಜ್ಜರನ್ನು. ಅಜ್ಜರು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸದೆಯೇ, ಏನಾಯಿತು ಹೇಳು ಎಂದರು.

ಆದದ್ದು ಇಷ್ಟೇ. ಶಾಲೆಗೆ ಹೊಸದಾಗಿ ಬಂದಿದ್ದ ಸುಗುಣಾ ಟೀಚರ್ ಟಿವಿಯಲ್ಲಿ ರಜೆಯ ಹಾಡು, ಹಬ್ಬದ ವಿಡಿಯೊ ಹಾಕಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಮಕ್ಕಳು ಕುಣಿದು ಕುಣಿದು ಹಾಡುತ್ತಿದ್ದವು. ಹಾಡಿದ್ದರಲ್ಲಿ ಅರ್ಧಕ್ಕರ್ಧ ತಪ್ಪು. ‘ಮೆರಿ ಕ್ರಿಸ್‌ಮಸ್’ ಎಂದರೆ ಮೇರಿ ಎಂಬ ಹೆಂಗಸಿನ ಮನೆಯ ಹಬ್ಬ ಎಂದುಕೊಂಡ ಒಬ್ಬ ಹುಡುಗಿ, ಮೇರಿಯಮ್ಮ ನಮ್ಮ ಶಾಲೆಗೆ ಯಾವಾಗ ಬರ್ತಾರೆ ಸಾರ್ ಎಂದು ಸಿದ್ದಮಲ್ಲನನ್ನೇ ಕೇಳಿದ್ದಳು. ಅವನಿಗೆ ಮೈಯೆಲ್ಲ ಉರಿದುಹೋಗಿತ್ತು. ಆ ಟಿವಿ ಪಾಠ ನಿಲ್ಲಿಸಲು ಅಪ್ಪಣೆ ಕೊಡಿ ಎಂದು ಕೇಳಲೆಂದೇ ಬಂದಿದ್ದ.

ಸಿದ್ದಮಲ್ಲ ಕೆಟ್ಟವನಲ್ಲ. ಮಕ್ಕಳೆಂದರೆ ಅವನಿಗೆ ಜೀವ. ಮುಂದೆ ನಾಲ್ಕು ಜನರ ಎದುರು ಅವು ನಗೆಪಾಟಲಾಗಬಾರದು ಎಂದೇ ಒಂದೊಂದು ತಪ್ಪನ್ನೂ ಹಿಡಿದು, ಅಲ್ಲೇ ನಿಲ್ಲಿಸಿ ತಿದ್ದುತ್ತಿದ್ದ. ಆದರೆ ಅವನ ತರಗತಿಯಲ್ಲಿ ಒಂದು ಮಗುವೂ ಬಾಯಿ ಬಿಡುತ್ತಿರಲಿಲ್ಲ. ಗಂಟೆ ಬಾರಿಸಿದ್ದೇ ತಡ, ಎಲ್ಲವೂ ಟಿವಿಯ ಕೋಣೆಗೆ ಓಡುತ್ತಿದ್ದವು. ಅದು ಅವನಿಗೆ ಒಳಗೊಳಗೇ ನೋವು. ಅದನ್ನೂ ಅಜ್ಜರ ಮುಂದೆ ಹೇಳಿಕೊಂಡ.

ಅಜ್ಜರು ಅವರೆಕಾಯಿಯ ಬುಟ್ಟಿಯನ್ನು ಅವನ ಕಡೆ ತಳ್ಳಿದರು. ಸುಲಿಯುತ್ತ ಕೇಳು ಎಂದು ಕತೆ ತೆಗೆದರು.

ಒಂದು ಊರಿನಲ್ಲಿ ಒಬ್ಬ ಬಳೆಗಾರ್ತಿ ಇದ್ದಳು. ಬಾಯಿ ಎಂದರೆ ಬಾಯಿ ಅವಳದು. ಮಾತಿಗೆ ಕೂತಳೆಂದರೆ ಒಲೆಯ ಮೇಲಿನ ಹಾಲು ಉಕ್ಕಿ ಹೋದರೂ ಹೆಂಗಸರಿಗೆ ತಿಳಿಯುತ್ತಿರಲಿಲ್ಲ. ಆ ಕಸುಬಿಗೆ ಅದು ಬೇಕಪ್ಪ. ಹೆದರಿ ಕೈ ಬಿಗಿ ಹಿಡಿದರೆ ಗಾಜಿನ ಬಳೆ ಏರುವುದಿಲ್ಲ, ಒಡೆಯುತ್ತದೆ. ತವರಿನ ಸುದ್ದಿ ಕೇಳಿ, ಮಕ್ಕಳ ಸುದ್ದಿ ಕೇಳಿ, ಒಂದಿಷ್ಟು ನಗಿಸಿದರೆ ಕೈ ತಾನಾಗಿಯೇ ಸಡಿಲವಾಗುತ್ತದೆ. ಬಳೆ ಏರಿದ್ದು ತೊಟ್ಟವಳಿಗೇ ಗೊತ್ತಾಗುವುದಿಲ್ಲ.

ಅವಳಿಗೆ ಒಬ್ಬನೇ ಮಗ. ಒಂದು ಹೆಣ್ಣುಮಗು ಬೇಕೆಂದು ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದಳು, ಆಗಲಿಲ್ಲ. ಮಗ ಲಾರಿ ಓಡಿಸುತ್ತಿದ್ದ. ದೂರದ ಬೆಟ್ಟದ ನಾಡಿಗೆ ಸರಕು ತುಂಬಿಕೊಂಡು ಹೋದವನು ಅಲ್ಲಿಯ ಹುಡುಗಿಯೊಬ್ಬಳನ್ನು ಮದುವೆಯಾಗಿ ಕರೆದುಕೊಂಡು ಬಂದ. ಹುಡುಗಿ ಏಸುವನ್ನು ನಂಬುವ ಮನೆಯವಳು. ಅವಳಿಗೆ ಬರುವುದು ತನ್ನ ಬೆಟ್ಟದ ಮಾತು, ಬಿಟ್ಟರೆ ಇಂಗ್ಲಿಷ್. ಮಗ ಹರಕು ಮುರುಕು ಇಂಗ್ಲಿಷಿನಲ್ಲಿ ಅವಳ ಜೊತೆ ಹೇಗೋ ನಿಭಾಯಿಸುತ್ತಿದ್ದ. ಬಳೆಗಾರ್ತಿಗೆ ಬರುವುದು ಕನ್ನಡ ಒಂದೇ.

ಸೊಸೆ ಬಂದ ದಿನ ಬಳೆಗಾರ್ತಿ ತನ್ನ ಬಳೆಗಂಟಾದ ಮಲಾರದಿಂದ ಒಳ್ಳೆಯ ಹಸಿರು ಬಳೆ ಆರಿಸಿ ತೊಡಿಸಲು ಕೂತಳು. ಹೊಸ ಜಾಗ, ಹೊಸ ಜನ. ಹುಡುಗಿ ಕೈಯನ್ನು ಕಟ್ಟಿಗೆಯಂತೆ ಬಿಗಿ ಹಿಡಿದಳು. ಮಾತಾಡಿಸೋಣವೆಂದರೆ ಮಾತಿಲ್ಲ. ಬಳೆ ಒಡೆಯಿತು. ಹುಡುಗಿ ಬೆಚ್ಚಿ ಕೈ ಎಳೆದುಕೊಂಡಳು. ಹೋಗಲಿ ಬಿಡು ತಾಯಿ, ಗಾಜು ಒಡೆಯುವಂಥದ್ದೇ ಎಂದು ಹೇಳಲು ಬಳೆಗಾರ್ತಿಯ ಜೀವ ಒದ್ದಾಡಿತು. ಹೇಗೆ ಹೇಳಬೇಕೋ ತಿಳಿಯಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಪಾತ್ರೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲದಂತಾಯಿತು.

ಮಳೆಗಾಲ ಕಳೆದು ಚಳಿ ಹಿಡಿಯುವ ಹೊತ್ತಿಗೆ, ಲಾರಿ ಹತ್ತುವ ಮುಂಚೆ ಮಗ ತಾಯಿಯನ್ನು ಹಿತ್ತಿಲಿಗೆ ಕರೆದು ಹೇಳಿದ. ಅವಳು ಕ್ರಿಸ್‌ಮಸ್ ಹಬ್ಬಕ್ಕೆ ತವರಿಗೆ ಹೋಗುತ್ತಾಳಂತೆ. ಈ ಸಲ ತಿರುಗಿ ಬಂದ ಕೂಡಲೇ ನಾನೇ ಕರೆದುಕೊಂಡು ಹೋಗುತ್ತೇನೆ. ಆದರೆ ಮತ್ತೆ ಇಲ್ಲಿಗೆ ಬರುತ್ತಾಳೆಂದು ನನಗೆ ನಂಬಿಕೆಯಿಲ್ಲಮ್ಮ, ಮಾತಿಲ್ಲದ ಮನೆಯಲ್ಲಿ ಉಸಿರು ಕಟ್ಟುತ್ತದೆ ಎಂದು ಅಳುತ್ತಾಳೆ ಎಂದ. ಊರ ಹೆಣ್ಣುಮಕ್ಕಳನ್ನೆಲ್ಲ ಮಾತಾಡಿಸಿದವಳು ತನ್ನ ಮನೆಯಲ್ಲೇ ಮಾತಿಲ್ಲ ಎನಿಸಿಕೊಂಡಳಲ್ಲ!

ಮಗನ ಲಾರಿ ಹೋದ ಮೇಲೆ ನೆಟ್ಟಗೆ ಪಕ್ಕದ ಮನೆಯ ಮೇಷ್ಟ್ರ ಹತ್ತಿರ ಹೋದಳು. ಹಬ್ಬದೊಳಗೆ ನನಗೆ ನಾಲ್ಕು ಮಾತು ಇಂಗ್ಲಿಷ್ ಕಲಿಸಿಕೊಡಿ ಎಂದು ಕೈ ಮುಗಿದಳು. ಮೇಷ್ಟ್ರು ಒಳ್ಳೆಯವರು. ಸ್ಲೇಟು ತಂದು ಎ ಬಿ ಸಿ ಡಿಯಿಂದ ಹಿಡಿದರು. ಇವಳು ಬಾಯಿ ತೆರೆದರೆ ಹಾಗಲ್ಲ ಎನ್ನುವರು, ಇನ್ನೊಂದು ಸಲ ತೆರೆದರೆ ಹಾಗೂ ಅಲ್ಲ ಎನ್ನುವರು. ಸಂತೆಯಲ್ಲಿ ಯಾರಿಗೂ ಸೊಪ್ಪು ಹಾಕದ ಹೆಂಗಸು ಸ್ಲೇಟಿನ ಮುಂದೆ ತೊದಲತೊಡಗಿದಳು. ಕೊನೆಗೆ ನನ್ನ ತಲೆಗೆ ಇದು ಹತ್ತದು ಮೇಷ್ಟ್ರೇ ಎಂದು ಕೈಚೆಲ್ಲಿ ಎದ್ದು ಬಂದಳು.

ಮನೆಗೆ ಬಂದರೆ ಸೊಸೆ ನಡುಮನೆಯಲ್ಲಿ ಕೂತು ಮೊಬೈಲಿನಲ್ಲಿ ತನ್ನ ಹಬ್ಬದ ಹಾಡು ನೋಡುತ್ತಿದ್ದಳು. ಬಳೆಗಾರ್ತಿ ಬೇಸರದಲ್ಲಿ ಅವಳ ಹಿಂದೆಯೇ ಕೂತು ಇಣುಕಿದಳು. ತಲೆ ಬುಡ ತಿಳಿಯಲಿಲ್ಲ. ಮರಕ್ಕೆ ದೀಪ ಕಟ್ಟಿದ್ದರು, ಮಕ್ಕಳು ಉಣ್ಣೆಯ ಟೋಪಿ ಹಾಕಿಕೊಂಡು ಹಾಡುತ್ತಿದ್ದವು. ಹಾಡಿನಲ್ಲಿ ಒಂದು ಮಾತು ಮತ್ತೆ ಮತ್ತೆ ಬಂತು. ಇವಳು ಕಿವಿ ನಿಮಿರಿಸಿದಳು. ಹಾಲಿಡೇ, ಹಾಲಿಡೇ! ಅಯ್ಯೋ ಶಿವನೇ, ಇದು ನಮ್ಮ ಮಾತೇ ಅಲ್ಲವೇ, ಹಾಲು ಇಡೇ ಅನ್ನುತ್ತಿದ್ದಾರಲ್ಲ ಎಂದು ಅವಳಿಗೆ ಸೋಜಿಗ. ಅದಕ್ಕೆ ಸರಿಯಾಗಿ ಆ ವಿಡಿಯೊದಲ್ಲಿ ಒಂದು ಪುಟ್ಟ ಹುಡುಗಿ ಲೋಟದ ತುಂಬ ಹಾಲು ತಂದು ಕಿಟಕಿಯ ಹತ್ತಿರ ಇಟ್ಟಳು. ಕೆಂಪು ಅಂಗಿಯ ಹಬ್ಬದ ತಾತನಿಗೆ ಅವರು ಹಾಗೆ ಇಡುತ್ತಾರೆ. ಅದು ಇವಳಿಗೇನು ಗೊತ್ತು? ಹಬ್ಬದಲ್ಲಿ ಹಾಲಿಡುವುದು ಇವರ ಪದ್ಧತಿ, ಇಡುವವರಿಲ್ಲದೆ ನನ್ನ ಸೊಸೆ ಕೊರಗುತ್ತಿದ್ದಾಳೆ ಎಂದು ತೀರ್ಮಾನಿಸಿಬಿಟ್ಟಳು.

ಮಾರನೆಯ ಬೆಳಗ್ಗೆ ಹಾಲು ಕಾಯಿಸಿ, ಲೋಟಕ್ಕೆ ಬಗ್ಗಿಸಿ, ಸೊಸೆಯ ಮುಂದೆ ಇಟ್ಟಳು. ಇಟ್ಟು, ಹಾಡಿನ ಧಾಟಿಯಲ್ಲೇ “ಹಾಲಿಡೇ” ಎಂದಳು.

ಸೊಸೆ ತಲೆ ಎತ್ತಿದಳು. ಆ ಮನೆಯಲ್ಲಿ ಅತ್ತೆಯ ಬಾಯಿಂದ ಅವಳು ಕೇಳಿದ ಮೊದಲ ಇಂಗ್ಲಿಷ್ ಮಾತು ಅದು. ಅವಳ ಕಣ್ಣು ತುಂಬಿ ಬಂತು. ಕಟ್ಟಿಕೊಂಡಿದ್ದೆಲ್ಲ ಒಮ್ಮೆಗೇ ಬಿಚ್ಚಿಕೊಂಡು ಗಳಗಳನೆ ಇಂಗ್ಲಿಷಿನಲ್ಲಿ ಮಾತಾಡಿದಳು. ಬಳೆಗಾರ್ತಿಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೂ ಹೂಂ ಎಂದಳು, ಹೌದೇ ಎಂದಳು, ಅಯ್ಯೋ ಪಾಪ ಎಂದಳು. ಸೊಸೆ ಹಾಲು ಕುಡಿದಳು.

ದಿನವೂ ಇದೇ ನಡೆಯಿತು. ಹಾಲೇಕೆ ಎಂದು ಒಂದು ದಿನ ಸೊಸೆ ಕೈಸನ್ನೆಯಲ್ಲಿ ಕೇಳಿದಳು. ಬಳೆಗಾರ್ತಿ ಮೊಬೈಲು ತೋರಿಸಿದಳು, ಲೋಟ ತೋರಿಸಿ ಹಾಲು ಎಂದಳು, ಲೋಟವನ್ನು ಎತ್ತಿ ನೆಲಕ್ಕಿಟ್ಟು ಇಡೇ ಎಂದಳು. ಸೊಸೆ ಅದನ್ನೇ ಬಾಯಲ್ಲಿ ಹೊರಳಿಸಿದಳು. ಹಾಲು, ಇಡೇ. ಹಾಲಿಡೇ. ತಟ್ಟನೆ ಹೊಳೆಯಿತು. ಹೊಟ್ಟೆ ಹುಣ್ಣಾಗುವಂತೆ ನಕ್ಕಳು, ನಗುತ್ತ ಅತ್ತೆಯ ಹೆಗಲ ಮೇಲೆ ಬಿದ್ದಳು. ಯಾಕೆ ನಗುತ್ತಾಳೆಂದು ತಿಳಿಯದಿದ್ದರೂ ಬಳೆಗಾರ್ತಿಯೂ ನಕ್ಕಳು. ಮನೆಗೆ ನಗು ಬಂತಲ್ಲ, ಅಷ್ಟು ಸಾಕಿತ್ತು ಅವಳಿಗೆ.

ಅಲ್ಲಿಂದ ಮುಂದೆ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ವಿಡಿಯೊ ನೋಡತೊಡಗಿದರು. ಸೊಸೆ ನಡುನಡುವೆ ನಿಲ್ಲಿಸಿ ಒಂದೊಂದನ್ನು ತೋರಿಸಿ ಇಂಗ್ಲಿಷಿನಲ್ಲಿ ಹೇಳುವಳು, ಅತ್ತೆ ಕನ್ನಡದಲ್ಲಿ ಹೇಳುವಳು. ಸ್ಟಾರ್ ಎಂದರೆ ಚುಕ್ಕಿ. ಬೆಲ್ ಎಂದರೆ ಗಂಟೆ. ಸ್ನೋ ಬಂದಾಗ ಮಾತ್ರ ಎಡವಟ್ಟಾಯಿತು. ಹಿಮ ಕಂಡಿಲ್ಲದ ಅತ್ತೆಗೆ ತಿಳಿಸಲೆಂದು ಸೊಸೆ ಮೈ ಮುದುಡಿ ನಡುಗಿ ತೋರಿಸಿದಳು. ಓ, ಚಳಿ ಎಂದಳು ಬಳೆಗಾರ್ತಿ. ಮಾರನೆಯ ದಿನ ನೀರೊಲೆಯ ಮುಂದೆ ಕೂತು, ಇವತ್ತು ಭಾರಿ ಸ್ನೋ ಕಣೇ ಎಂದಳು. ಸೊಸೆ ಹೌದೆಂದು ತಲೆಯಾಡಿಸಿ ಪಕ್ಕದಲ್ಲಿ ಕೂತಳು.

ಹಾಡಿನ ಮಾತುಗಳು ಒಂದಕ್ಕೊಂದು ಅಂಟಿಕೊಂಡು ಬರುತ್ತಿದ್ದವು. ಬಳೆಗಾರ್ತಿ ಮಲಾರ ಹೊತ್ತು ಹೋಗುವಾಗಲೂ ಅದನ್ನೇ ಗುನುಗುವಳು. ಕಮ್ ಹೋಮ್ ಎಂದು ಹಾಡಿನಲ್ಲಿ ಬಂದದ್ದನ್ನು ಹಿಡಿದುಕೊಂಡು, ಸೊಸೆ ಹಿತ್ತಿಲಲ್ಲಿದ್ದರೆ ಅಡುಗೆಮನೆಯಿಂದಲೇ ಕಮ್ ಹೋಮ್ ಎಂದು ಕೂಗುವಳು. ಸ್ಲೇಟಿನ ಮುಂದೆ ತೊದಲಿದ ನಾಲಿಗೆಯೇ ಅದು!

ಸೊಸೆಯ ಕನ್ನಡವೂ ಹಾಗೆಯೇ ಶುರುವಾಯಿತು. ಅವಳಿಗೆ ಸಿಕ್ಕ ಮೊದಲ ಮಾತು ‘ಇಡೇ’. ಅದೊಂದರಲ್ಲೇ ಸಂಸಾರ ಹೂಡಿದಳು. ಅತ್ತೆ, ನೀರಿಡೇ. ಅತ್ತೆ, ಅನ್ನ ಇಡೇ. ಬಾಗಿಲು ಹಾಕಬೇಕಾದರೂ ಬಾಗಿಲಿಡೇ.

ಒಂದು ದಿನ ಇದು ಪಕ್ಕದ ಮನೆಯ ಮೇಷ್ಟ್ರ ಕಿವಿಗೆ ಬಿತ್ತು. ಅವರು ಅಂಗಳಕ್ಕೇ ಬಂದರು. ಇದೇನಮ್ಮ, ಸೊಸೆಯಾದವಳು ಅತ್ತೆಯನ್ನು ಹಿಡಿದು ಇಡೇ ಅನ್ನುವುದೇ, ಊರವರು ಕೇಳಿದರೆ ನಗುವುದಿಲ್ಲವೇ, ‘ಇಡಿ’ ಎನ್ನಬೇಕೆಂದು ನಾನು ಅವಳಿಗೆ ಇಂಗ್ಲಿಷಿನಲ್ಲೇ ತಿಳಿಸಿ ಹೇಳುತ್ತೇನೆ ಎಂದು ಬಾಗಿಲ ಕಡೆ ಹೊರಟರು. ಬಳೆಗಾರ್ತಿ ಅಡ್ಡ ನಿಂತಳು.

“ಬೇಡಿ ಮೇಷ್ಟ್ರೇ,” ಎಂದಳು. “ಅತ್ತೆಗಾದರೆ ‘ಇಡಿ’ ಅಂತಾರೆ. ಹೆತ್ತ ತಾಯಿಗೆ ‘ಇಡೇ’ ಅಂತಾರೆ. ಆ ಮಾತು ಕೇಳೋದಕ್ಕೆ ನನಗೆ ಮಗಳು ಹುಟ್ಟಲಿಲ್ಲ. ಗೊತ್ತಿಲ್ಲದೆ ಬಂದಿರೋದು, ಇರಲಿ ಬಿಡಿ.”

ಮೇಷ್ಟ್ರು ಬಂದ ದಾರಿಯಲ್ಲೇ ಹೋದರು.

ಮಗನ ಲಾರಿ ಬಂತು. ಸೊಸೆ ತವರಿಗೆ ಹೊರಡುವ ದಿನವೂ ಬಂತು. ಮತ್ತೆ ಬರುತ್ತೀಯೇ ಎಂದು ಕೇಳಲು ಈಗ ಬಳೆಗಾರ್ತಿಗೆ ಮಾತಿತ್ತು, ಧೈರ್ಯವಿರಲಿಲ್ಲ. ಮಲಾರ ಬಿಚ್ಚಿ ಸೊಸೆಯ ಕೈ ಹಿಡಿದು ಕೂತಳು. ಬಾಯಿಗೆ ಬಂದ ಹಬ್ಬದ ಹಾಡನ್ನೇ ಗುನುಗುತ್ತ ಹಸಿರು ಬಳೆ ತೊಡಿಸಿದಳು. ಸೊಸೆ ಅದಕ್ಕೆ ದನಿಗೂಡಿಸಿದಳು. ಒಂದು ಬಳೆಯೂ ಒಡೆಯಲಿಲ್ಲ.

ಹೊಸ್ತಿಲು ದಾಟಿ ಸೊಸೆ ನಿಂತಳು. ಹೊರಡುವವರು ನಮ್ಮಲ್ಲಿ ಹೋಗುತ್ತೇನೆ ಎನ್ನುವುದಿಲ್ಲವಷ್ಟೇ. ಅದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಆದರೆ ದಿನವೂ ಬಳೆ ಮಾರಲು ಹೊರಡುವಾಗ ಅತ್ತೆ ಏನನ್ನುತ್ತಾಳೆಂದು ಕೇಳುತ್ತಲೇ ಇದ್ದಳು. ತಿರುಗಿ ನೋಡಿ ಅದನ್ನೇ ಅಂದಳು.

“ಅತ್ತೆ, ಹೋಗಿ ಬರ್ತೀನಿ. ಹಾಲಿಡೇ.”

ಅಜ್ಜರ ಕತೆ ಅಲ್ಲಿಗೆ ನಿಂತಿತು. ಬುಟ್ಟಿಯಲ್ಲಿ ಇನ್ನೂ ಅವರೆಕಾಯಿ ಇತ್ತು. ಸಿದ್ದಮಲ್ಲನ ಕೈ ಯಾವಾಗಲೋ ನಿಂತುಹೋಗಿತ್ತು. ಆಚೆ ಟಿವಿಯ ಕೋಣೆಯಲ್ಲಿ ಮಕ್ಕಳು ಮೇರಿಯಮ್ಮನ ಹಬ್ಬವನ್ನು ಗಂಟಲು ಬಿಚ್ಚಿ ಹಾಡುತ್ತಿದ್ದವು. ಅವನು ಅದನ್ನು ಕೇಳಿಸಿಕೊಂಡ. ತಾನು ಬಂದ ಕೆಲಸ ಬಿಟ್ಟು ಬೇರೆಯದನ್ನೇ ಕೇಳಿದ.

“ಆ ಸೊಸೆ ಮರಳಿ ಬಂದಳೇ, ಅಜ್ಜಾ?”

ಅಜ್ಜರು ಒಂದು ಕಾಯಿ ಎತ್ತಿಕೊಂಡು ಅವನ ಮುಖ ನೋಡಿ ನಕ್ಕರು.

“ಬಾರದೆ ಏನಪ್ಪಾ, ತಪ್ಪು ತಪ್ಪಾಗಿ ಮಾತಾಡಲು ಅವಳಿಗೊಂದು ಮನೆ ಸಿಕ್ಕಿತ್ತಲ್ಲ.”