ನೆಲಗುಳ್ಳ ನೆಲಕ್ಕೆ ಮಲಗಿದ್ದು

ಲೋಕ ಇನ್ನೂ ಎಳೆಯದಾಗಿತ್ತು. ಬೆಟ್ಟಗಳು ಎಲ್ಲಿ ಕೂರೋದು ಅಂತ ಜಾಗ ಹುಡುಕುತ್ತಿದ್ದ ಕಾಲ. ಆಗ ನೆಲಗುಳ್ಳದ ಗಿಡಕ್ಕೆ ಮುಳ್ಳೇ ಇರಲಿಲ್ಲ ಅಂದರೆ ನಂಬುತ್ತೀಯಾ ಮಗು? ಸೊಂಟದೆತ್ತರ ನಿಂತ ಮೆತ್ತನೆಯ ಗಿಡ. ನೇರಳೆ ಹೂವು, ನಡುವೆ ಹಳದಿ ಕೇಸರ. ಮನಸ್ಸೂ ಮೆತ್ತಗೆ. ಯಾರು ಏನು ಕೇಳಿದರೂ ಇಲ್ಲ ಅನ್ನಲು ಅವಳಿಗೆ ಬಾಯೇ ಬರುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಟಿಟ್ಟಿಭ ಹಕ್ಕಿ ಬಂದು, ನಿನ್ನ ನೆರಳಲ್ಲಿ ಮೊಟ್ಟೆಯಿಡಲೇ ಅಂತ ಕೇಳಿದಳು. ಇಡವ್ವ, ಅದಕ್ಕೇನು ಕೇಳೋದು ಅಂದಳು ನೆಲಗುಳ್ಳ.

ಮೊಟ್ಟೆಯಿಟ್ಟು ಕಾವು ಕೂತ ಟಿಟ್ಟಿಭಳಿಗೆ ಬಿಸಿಲಿಗೆ ಗಂಟಲು ಒಣಗಿತು. ಹೊಳೆಗೆ ಹೋಗಿ ಬರುತ್ತೇನೆ, ಅಲ್ಲಿಯತನಕ ಮಕ್ಕಳನ್ನು ನೋಡಿಕೋ ಅಕ್ಕಾ ಅಂತ ಹೇಳಿ ಹೊರಟಳು.

ಅಷ್ಟರಲ್ಲಿ ಬಂತು ಒಂದು ಮೇಕೆ. ಮರಿ ಹಾಕಿದ ಮೇಕೆ, ಹೊಟ್ಟೆ ಬೆನ್ನಿಗೆ ಹತ್ತಿತ್ತು. ಒಂದೇ ಒಂದು ಎಲೆ ಕೊಡು ತಾಯಿ ಅಂತ ಅಂಗಲಾಚಿತು. ಇಲ್ಲಿ ಮೊಟ್ಟೆಯಿದೆ, ಹತ್ತಿರ ಬರಬೇಡ ಅನ್ನಬೇಕಿತ್ತು. ಅನ್ನಲಿಲ್ಲ ನೋಡು, ಪೆದ್ದಿ! ಬಾಗಿ ಎಲೆ ಚಾಚಿದಳು. ಒಂದು ತಿಂದ ಮೇಕೆ ಇನ್ನೊಂದಕ್ಕೆ ಕಾಲು ಮುಂದಿಟ್ಟಿತು. ಮತ್ತೊಂದಕ್ಕೆ ಮತ್ತೂ ಮುಂದಿಟ್ಟಿತು. ಅದು ಹೊಟ್ಟೆ ತುಂಬಿಸಿಕೊಂಡು ಹೋದಮೇಲೆ ನೋಡಿದರೆ ಗೊರಸಿಗೆ ಸಿಕ್ಕಿ ಮೊಟ್ಟೆಗಳೆಲ್ಲ ಒಡೆದುಹೋಗಿದ್ದವು.

ಟಿಟ್ಟಿಭ ಹಿಂದಿರುಗಿದಳು. ಬೈಯಲಿಲ್ಲ. ಬೈದಿದ್ದರೆ ನೆಲಗುಳ್ಳಕ್ಕೆ ಎದೆ ಸ್ವಲ್ಪ ಹಗುರಾಗುತ್ತಿತ್ತೇನೋ.

"ನಿನಗೆ ಹೇಳಿಯೇ ಹೋಗಿದ್ದೆನಲ್ಲ, ಅಕ್ಕಾ," ಅಂದಳು ಅಷ್ಟೆ. ಹಾರಿಹೋದಳು.

ನೆಲಗುಳ್ಳ ಭೂಮಿತಾಯಿಯ ಮೇಲೆ ಬಿದ್ದು ಅತ್ತಳು. ಮುಳ್ಳು ಕೊಡು, ಮೈತುಂಬ ಕೊಡು, ಎಲೆಯ ನರನರಕ್ಕೂ ಕೊಡು ಅಂತ ಬೇಡಿದಳು.

"ಈಗ ಯಾಕೆ ಮಗಳೇ? ಕಾಯೋದಕ್ಕೆ ಏನು ಉಳಿದಿದೆ?" ಅಂದಳು ಭೂಮಿತಾಯಿ.

"ಅವಳು ಮತ್ತೆ ಬಂದರೆ?"

ಭೂಮಿತಾಯಿಗೆ ಕರುಳು ಚುರುಕ್ ಅಂದಿತು. ಕೇಳಿದಷ್ಟೂ ಮುಳ್ಳು ಕೊಟ್ಟಳು. ನೆಲಗುಳ್ಳ ಮಾತ್ರ ಮತ್ತೆ ಏಳಲಿಲ್ಲ. ಮೊಟ್ಟೆಯಿದ್ದ ಜಾಗದ ಮೇಲೆ ಮೈ ಹಾಸಿ ಮಲಗಿಬಿಟ್ಟಳು.

ಮುಂದಿನ ಬೇಸಿಗೆಗೆ ಟಿಟ್ಟಿಭ ಬಂದಳು ಕೂಡ. ಸುತ್ತಲೂ ನಡೆದು ನೋಡಿದಳು. ಆ ಮುಳ್ಳಿನ ನಡುವೆ ಕಾಲಿಡುವುದಾದರೂ ಎಲ್ಲಿ? ಬಯಲಿಗೆ ಹೋಗಿ ಕಲ್ಲುಗಳ ನಡುವೆ ಮೊಟ್ಟೆಯಿಟ್ಟಳು.

ಅದಕ್ಕೇ ಟಿಟ್ಟಿಭ ಇವತ್ತಿಗೂ ಬಟ್ಟಬಯಲಲ್ಲೇ ಮೊಟ್ಟೆಯಿಡೋದು. ದಾರಿಬದಿಯಲ್ಲಿ ನೇರಳೆ ಹೂವಿನ ಗಿಡವೊಂದು, ಎಲೆಯ ಮೇಲೂ ಮುಳ್ಳು ಹೊತ್ತು, ನೆಲ ತಬ್ಬಿಕೊಂಡಿದ್ದರೆ ಅದು ನೆಲಗುಳ್ಳವೇ ಅಂತ ತಿಳಿ. ಚುಚ್ಚಿತು ಅಂತ ಬೈಯಬೇಡ. ಕಡ್ಡಿಯಿಂದ ಮೆಲ್ಲಗೆ ಎಲೆ ಸರಿಸಿ ನೋಡು: ಹಸಿರು ಮೈಗೆ ಬಿಳಿ ಪಟ್ಟೆಯ ಗುಂಡು ಕಾಯಿಗಳು, ಮುಳ್ಳಿಲ್ಲದೆ ಮೊಟ್ಟೆಯ ಹಾಗೆ ನುಣ್ಣಗೆ ಇರುತ್ತವೆ, ಅವನ್ನೇ ಮಡಿಲಲ್ಲಿಟ್ಟುಕೊಂಡು ಅವಳು ಇನ್ನೂ ಕಾಯುತ್ತಿದ್ದಾಳೆ.