ಹನ್ನೆರಡು ಅದ್ದಿನ ನೂಲು

ಚಕ್ಕಳಮಕ್ಕಳ ಹಾಕಿ ಕೂತುಕೊಳ್ಳಿ. ಕೈ ಸುಮ್ಮನಿರದಿದ್ದರೆ ಅವರೆಕಾಯಿ ಸುಲಿಯುತ್ತಲೇ ಕೇಳಿ.

ಮುರಿಗೆಯ್ಯನೆಂಬ ಶಿಷ್ಯ ಒಂದು ದಿನ ಗುರುಗಳನ್ನು ಕೇಳಿದ. ಪಕ್ಕದಲ್ಲಿ ಇನ್ನೊಬ್ಬ ಶಿಷ್ಯ ತಿಪ್ಪಣ್ಣ ತಲೆ ತಗ್ಗಿಸಿ ಕೂತಿದ್ದ.

“ಗುರುಗಳೇ, ವರ್ಷಕ್ಕೊಂದರಂತೆ ಹನ್ನೆರಡು ವ್ರತ ಹಿಡಿದೆ. ಇನ್ನೆಷ್ಟು ಹಿಡಿದರೆ ನಾನು ಮಾಗುತ್ತೇನೆ?”

ಗುರುಗಳು ಹೇಳಿದರು.

ಬಣ್ಣಗಾರರ ಮನೆಯ ಹೆಣ್ಣುಮಗಳೊಬ್ಬಳು ಹೊಸ ಬಗೆಯ ನೂಲು ಮಾಡುತ್ತಿದ್ದಳು. ಎಳೆದರೆ ಹಿಗ್ಗುವ ಪ್ಲಾಸ್ಟಿಕ್ ಎಳೆ ಅದು. ಅದನ್ನು ಸತುವಿನ ಭಸ್ಮ, ಗ್ರಾಫೀನೆಂಬ ಕರಿಪುಡಿ ಕಲಸಿದ ನೀರಿನಲ್ಲಿ ಅದ್ದಿ ಒಣಗಿಸಿದರೆ ಎಳೆಯೊಳಗೆ ಕರೆಂಟು ಹರಿಯುತ್ತಿತ್ತು.

ಆಸ್ಪತ್ರೆಯ ದಾದಿಯೊಬ್ಬಳಿಗೆ ಅಂಥ ನೂಲು ಬೇಕಾಯಿತು. ದಿನ ತುಂಬದೆ ಹುಟ್ಟಿದ ಕೂಸೊಂದು ಅವಳ ಕೈಯಲ್ಲಿತ್ತು. ನಡುನಡುವೆ ಉಸಿರಾಡುವುದನ್ನೇ ಮರೆಯುತ್ತಿತ್ತು. ಹೊಟ್ಟೆಗೆ ನೂಲಿನ ಪಟ್ಟಿ ಕಟ್ಟಬೇಕು. ಉಸಿರಿಗೆ ನೂಲು ಹಿಗ್ಗಿ ಕುಗ್ಗಿ ಕರೆಂಟು ಏರಿಳಿಯುತ್ತಿದ್ದರೆ, ಪಟ್ಟಿಗೆ ಸೇರಿಸಿದ ಗಂಟೆ ಸುಮ್ಮನಿರಬೇಕು. ಉಸಿರು ನಿಂತರೆ ಗಂಟೆ ಬಾರಿಸಬೇಕು.

ನೂಲಿನವಳು ಒಂದು ಅದ್ದು ಅದ್ದಿ, ಪುಟ್ಟ ದೀಪಕ್ಕೆ ಸೇರಿಸಿ ನೋಡಿದಳು. ದೀಪ ಮಿಣಮಿಣ ಎಂದಿತು. ಅವಳಿಗೆ ನಾಚಿಕೆಯಾಯಿತು. ಅದ್ದು ಹೆಚ್ಚಿದಷ್ಟೂ ನೂಲಿಗೆ ಮಾನ ಎಂಬುದು ಅವಳ ಮನೆತನದ ಮಾತು. ಆ ನೂಲನ್ನು ಉಪ್ಪಿನ ಚೀಲದ ಬಾಯಿಗೆ ಕಟ್ಟಿ, ಬೇರೊಂದನ್ನು ಹನ್ನೆರಡು ಸಲ ಅದ್ದಿದಳು. ದೀಪ ಧಗ್ಗೆಂದು ಬೆಳಗಿತು. ಹಿಗ್ಗಿಹೋಗಿ ತಾನೇ ಕೊಂಡೊಯ್ದು ಕೂಸಿಗೆ ಕಟ್ಟಿಸಿದಳು.

ಕಟ್ಟಿದ್ದೇ ತಡ, ಗಂಟೆ ಬಡಿಯತೊಡಗಿತು. ನಿಲ್ಲಲೇ ಇಲ್ಲ.

“ಕೂಸು ನನ್ನ ಬೆರಳು ಚೀಪುತ್ತಿದೆ ಕಣವ್ವಾ! ನಿನ್ನ ನೂಲು ನೋಡಿದರೆ ಉಸಿರೇ ಇಲ್ಲ ಅನ್ನುತ್ತಿದೆ” ಎಂದಳು ದಾದಿ.

“ದೀಪ ಎಷ್ಟು ಚೆಂದ ಉರಿಯಿತು ಗೊತ್ತಾ ಅಕ್ಕಾ?”

“ದೀಪ ಕಟ್ಟಿಕೊಂಡು ನಾನೇನು ಮಾಡಲಿ? ಈ ಬೊಗಸೆಯಷ್ಟು ಹೊಟ್ಟೆ ಏಳುವುದು ಅದಕ್ಕೆ ತಿಳಿಯಬೇಡವೇ?”

ನೂಲಿನವಳು ಎಳೆದು ನೋಡಿದಳು. ಲೇಪದ ಮೇಲೆ ಲೇಪ ಕೂತು ನೂಲು ತಂತಿಯಾಗಿತ್ತು. ಕೂಸಿನ ಉಸಿರಿಗೆ ಎಲ್ಲಿ ಹಿಗ್ಗೀತು? ಮನೆಗೆ ಓಡಿದಳು. ಉಪ್ಪಿನ ಚೀಲದ ಕಟ್ಟು ಬಿಚ್ಚಿ, ಒರೆಸಿ, ತಂದು ಕಟ್ಟಿದಳು. ಗಂಟೆ ಸುಮ್ಮನಾಯಿತು.

ಮೂರನೆಯ ದಿನ ಮಧ್ಯಾಹ್ನ ಒಂದೇ ಒಂದು ಸಲ ಬಾರಿಸಿತು. ದಾದಿ ಓಡಿ ಬಂದು ಅಂಗಾಲು ತಟ್ಟಿದಳು. ಕೂಸು ಚಿಟ್ಟನೆ ಚೀರಿತು.

ಆ ಕೂಸು ಬೆಳೆದು ಈಗ ಬೀದಿಗೇ ಜಗಳಗಂಟಿ. ದಾದಿ ಆ ಪಟ್ಟಿಯನ್ನು ಇನ್ನಷ್ಟು ಕೂಸುಗಳಿಗೆ ಕಟ್ಟಿದಳು. ನೂಲಿನವಳು ದೀಪಕ್ಕೆ ಹಿಡಿದು ನೋಡುವುದನ್ನು ಬಿಟ್ಟು, ತನ್ನ ಹೊಟ್ಟೆಗೇ ಕಟ್ಟಿ ನೋಡುವುದನ್ನು ಕಲಿತಳು. ಹನ್ನೆರಡು ಅದ್ದಿನ ನೂಲು ಉಪ್ಪಿನ ಚೀಲಕ್ಕಾಯಿತು.

ಗುರುಗಳು ಇಷ್ಟು ಹೇಳಿ ಮುರಿಗೆಯ್ಯನ ಕಡೆ ತಿರುಗಿದರು.

“ನಿನ್ನ ಪಕ್ಕದ ತಿಪ್ಪಣ್ಣ ಬೆಳಗಿನಿಂದ ಅಳುತ್ತಿದ್ದಾನೆ, ನಿನಗೆ ತಿಳಿಯಿತೇ?”

ಮುರಿಗೆಯ್ಯ ಆಗ ತಿಪ್ಪಣ್ಣನ ಕಡೆ ತಿರುಗಿ ನೋಡಿದ.